ಕೆಮ್ಮಣ್ಣು, ಎರೆಮಣ್ಣು, ಹನ್ನೆರಡು ಸಾವಿರ ರೂಪಾಯಿ

2025ರ ಜೂನ್ 11, ಕಾರಹುಣ್ಣಿಮೆ. ಭಾಲ್ಕಿ ತಾಲ್ಲೂಕಿನ ಒಂದು ಹಳ್ಳಿಯ ಅಗಸಿ ಮುಂದೆ ಬೇವಿನ ತೊಪ್ಪಲು ಕಟ್ಟಿದ ಹಗ್ಗವನ್ನು ಅಡ್ಡ ಬಿಗಿದಿದ್ದರು. ಅದೇ ‘ಕರಿ’. ಹಲಗೆಯ ಸದ್ದು ಏರುತ್ತಿದ್ದಂತೆ ಹೊಲದ ದಾರಿಯಿಂದ ಎತ್ತುಗಳು ಓಡಿ ಬಂದವು. ಮುಂದೆ ಬಂದದ್ದು ಒಂದು ಬಿಳಿ ಎತ್ತು. ಅದು ಕರಿ ಹರಿದ ಕ್ಷಣ ‘ಹಿಂಗಾರಿ ಚಲೋ ಬರ್ತದ’ ಎಂಬ ಕೂಗು ಎದ್ದಿತು. ಕೆಂದ ಎತ್ತು ಮುಂದಾದರೆ ಮುಂಗಾರಿ, ಬಿಳಿ ಎತ್ತು ಮುಂದಾದರೆ ಹಿಂಗಾರಿ ಎಂಬುದು ಹಿರಿಯರ ಲೆಕ್ಕ. ನಾನು ಎಂಟು ಫೋಟೊ ತೆಗೆದಿದ್ದೆ. ರಾತ್ರಿ ಭಾಲ್ಕಿಯ ಅಕ್ಕನ ಮನೆಯಲ್ಲಿ ಕುಳಿತು ನೋಡಿದರೆ ಎಂಟರಲ್ಲೂ ಎತ್ತು ಸುಣ್ಣ ಬಳಿದ ಗೋಡೆಯಂತಿತ್ತು. ಗಂಗೆದೊಗಲಿನ ಮಡಿಕೆ ಇಲ್ಲ, ಬೆನ್ನಿನ ಬೆವರಿಲ್ಲ, ಕಣ್ಣೂ ಇಲ್ಲ. ಕಾಲ ಕೆಳಗಿನ ಮಣ್ಣು ಮಾತ್ರ ಹೆಂಟೆ ಹೆಂಟೆಯಾಗಿ ಸ್ಪಷ್ಟವಾಗಿ ಬಂದಿತ್ತು.

ಮರುದಿನ ಬೆಳಿಗ್ಗೆ ಎತ್ತಿನ ಒಡೆಯರು ಎದುರಾದರು. ‘ನಮ್ ಎತ್ತಿಂದು ಫೋಟೊ ಎಲ್ಲದವ್ವಾ?’ ಎಂದು ಕೇಳಿದರು. ಕೊಡಲು ನನ್ನ ಹತ್ತಿರ ಏನೂ ಇರಲಿಲ್ಲ.

ನಾನು ಬೀದರಿನ ಶಾಲೆಯೊಂದರಲ್ಲಿ ಪಾಠ ಹೇಳುವವಳು. ಕ್ಯಾಮೆರಾ ಹಿಡಿಯುವುದು ರಜೆಯ ದಿನಗಳಲ್ಲಿ. ಮಣ್ಣಿನ ಮೇಲಿನ ಓಟ ಯಾವುದಿದ್ದರೂ ನನಗೆ ಇಷ್ಟ. ಎತ್ತಿರಲಿ, ಕೋಣವಿರಲಿ, ಬೈಕಿರಲಿ, ನೆಲ ಹಾರಬೇಕು, ಓಡುವವರ ಹಿಂದೆ ಧೂಳು ಏಳಬೇಕು. ಆ ಎಂಟು ಫೋಟೊ ಕೆಟ್ಟ ಮೇಲೆ ನೋಟ್‌ಬುಕ್ ತೆಗೆದು 2026ರ ಜೂನ್‌ನಿಂದ 2027ರ ಬೇಸಿಗೆವರೆಗೆ ಒಂದು ಋತುವಿನ ಲೆಕ್ಕ ಬರೆಯತೊಡಗಿದೆ. ತಿಂಗಳಿಗೆ ಒಂದು ಸಾವಿರದಂತೆ ವರ್ಷಕ್ಕೆ 12,000 ರೂಪಾಯಿ. ಅದಕ್ಕಿಂತ ಹೆಚ್ಚು ಆಗದು. ಅಷ್ಟರಲ್ಲಿ ಓಟದ ಫೋಟೊಗ್ರಫಿ ಸಾಧ್ಯವೇ ಎಂದು ಕೇಳುವವರಿಗೆ ನನ್ನ ಉತ್ತರ: ಸಾಧ್ಯ. ಆದರೆ ಮೊದಲು ಓದಬೇಕಾದದ್ದು ಕ್ಯಾಮೆರಾ ಅಂಗಡಿಯ ದರಪಟ್ಟಿಯನ್ನಲ್ಲ, ಮಣ್ಣನ್ನೂ ಪಂಚಾಂಗವನ್ನೂ.

ಮಣ್ಣಿನಿಂದಲೇ ಶುರು ಮಾಡುತ್ತೇನೆ. ಬೀದರ್ ನಗರ ಕುಳಿತಿರುವುದು ಜಂಬಿಟ್ಟಿಗೆಯ ಎತ್ತರದ ಬಯಲಿನ ಮೇಲೆ. ಕೋಟೆಯ ಕಂದಕವನ್ನು ಕಡಿದದ್ದು ಇದೇ ಕೆಂಪು ಕಲ್ಲಿನಲ್ಲಿ. ಕಬ್ಬಿಣದ ಅಂಶ ತುಂಬಿದ ಈ ಕಲ್ಲು ಸವೆದರೆ ಇಟ್ಟಿಗೆಪುಡಿಯಂಥ ಧೂಳಾಗುತ್ತದೆ. ಭಾಲ್ಕಿ, ಔರಾದ್ ಕಡೆಗೆ ಇಳಿದರೆ ನೆಲದ ಬಣ್ಣ ಬದಲಾಗುತ್ತದೆ. ಅಲ್ಲಿ ಲಾವಾ ಹರಿದು ಹೆಪ್ಪುಗಟ್ಟಿದ ಕರಿಕಲ್ಲು ಸವೆದು ಆದ ಎರೆಮಣ್ಣು. ಅದು ಬೇಸಿಗೆಯಲ್ಲಿ ಬಿರುಕು ಬಿಟ್ಟು ಬೂದಿಬಣ್ಣಕ್ಕೆ ತಿರುಗುತ್ತದೆ, ಮಳೆ ಬಿದ್ದರೆ ಊದಿಕೊಂಡು ಚಪ್ಪಲಿಗೆ ಸೇರುಗಟ್ಟಲೆ ಮೆತ್ತುತ್ತದೆ. ನಲವತ್ತು ಕಿಲೋಮೀಟರಿನೊಳಗೆ ಎರಡು ಬಣ್ಣದ ಓಟದ ಕಣ. ಫೋಟೊ ತೆಗೆಯುವವರಿಗೆ ಇದು ಸಣ್ಣ ಭಾಗ್ಯವಲ್ಲ.

ಈ ಮಣ್ಣಿನ ಮೇಲೆ ಓಡುವ ಎತ್ತು ದೇವಣಿ. ಗಡಿಯಾಚೆ ಲಾತೂರು ಜಿಲ್ಲೆಯ ದೇವಣಿ ಊರಿನ ಹೆಸರು ಹೊತ್ತ ಈ ತಳಿಯ ಸೀಮೆ ಲಾತೂರು, ನಾಂದೇಡ, ಬೀದರ್. ಉಳುಮೆಗೂ ಸೈ, ಹಾಲಿಗೂ ಸೈ. ಬಣ್ಣ ನೋಡಿ ಮೂರು ಬಗೆ ಹೇಳುತ್ತಾರೆ. ಮೈಯೆಲ್ಲ ಬಿಳಿ, ಮುಖದ ಎರಡೂ ಬದಿ ಕಪ್ಪಾಗಿದ್ದರೆ ವಾನೇರ. ಹೆಚ್ಚುಕಡಿಮೆ ಪೂರ್ತಿ ಬಿಳಿಯಾದದ್ದು ಬಾಳಂಕ್ಯಾ. ಬಿಳಿ ಮೈಮೇಲೆ ಅಲ್ಲಲ್ಲಿ ಕಪ್ಪು ಮಚ್ಚೆಯಿದ್ದರೆ ಶೇವೇರಾ. ವಿಜಯಪುರ, ಸೊಲ್ಲಾಪುರದ ಕಡೆಯ ಖಿಲಾರಿ ಓಟಕ್ಕೇ ಹುಟ್ಟಿದಂತೆ ತೆಳು, ಚುರುಕು. ದೇವಣಿಯದು ಭಾರದ ಮೈ, ಜೋಲುವ ಕಿವಿ. ಓಡುವಾಗ ಆ ಕಿವಿಗಳು ಹಿಂದಕ್ಕೆ ಬೀಸುವ ರೀತಿ ಖಿಲಾರಿಯಲ್ಲಿ ಸಿಗದು. ನನಗೆ ಬೇಕಾದ ಫೋಟೊ ಅದೇ.

ನನ್ನ ಎಂಟು ಫೋಟೊ ಸುಟ್ಟದ್ದಕ್ಕೂ ಕಾರಣ ಇಲ್ಲೇ ಇದೆ. ಕ್ಯಾಮೆರಾದೊಳಗಿನ ಬೆಳಕಿನ ಮೀಟರಿಗೆ ಎತ್ತು ಯಾವುದು, ಮಣ್ಣು ಯಾವುದು ಗೊತ್ತಿರುವುದಿಲ್ಲ. ಕಂಡದ್ದನ್ನೆಲ್ಲ ನಡುವಣ ಬೂದುಬಣ್ಣಕ್ಕೆ ತರಲು ಅದು ಹೆಣಗುತ್ತದೆ. ಚೌಕಟ್ಟಿನ ಮುಕ್ಕಾಲು ಭಾಗ ಎರೆಮಣ್ಣೇ ತುಂಬಿದ್ದರೆ ‘ಇಲ್ಲಿ ಕತ್ತಲೆ’ ಎಂದು ಬೆಳಕು ಹೆಚ್ಚಿಸುತ್ತದೆ. ಬಿಳಿ ಎತ್ತು ಸುಟ್ಟು ಹೋಗುತ್ತದೆ. ಕರಿಮಣ್ಣಿನ ಮೇಲಿನ ಬಾಳಂಕ್ಯಾ ಎತ್ತು ಎಂದರೆ ಬಿದ್ರಿ ತಟ್ಟೆಯ ಮೇಲಿನ ಬೆಳ್ಳಿ ಎಳೆ. ಕಪ್ಪು ಕಪ್ಪಾಗಿ ಉಳಿದರೇ ಬೆಳ್ಳಿ ಕಾಣುವುದು. ಪರಿಹಾರಕ್ಕೆ ಒಂದು ಪೈಸೆ ಖರ್ಚಿಲ್ಲ. ಎಕ್ಸ್‌ಪೋಷರ್ ಕಾಂಪೆನ್ಸೇಷನ್ ಗುಂಡಿಯನ್ನು ಮೈನಸ್ ಒಂದಕ್ಕೆ, ಬಿಸಿಲು ಖಡಕ್ ಇದ್ದರೆ ಅದಕ್ಕೂ ಸ್ವಲ್ಪ ಕೆಳಗೆ ಇಳಿಸುವುದು. ಎತ್ತು ಹತ್ತಿರ ಬಂದು ಚೌಕಟ್ಟು ತುಂಬಿದಾಗ ಲೆಕ್ಕ ತಿರುವುಮುರುವು. ಆಗ ಅದೇ ಮೀಟರು ಬಿಳಿ ಎತ್ತನ್ನು ಬೂದಿ ಎತ್ತು ಮಾಡುತ್ತದೆ. ಅದಕ್ಕೇ ಈಗ ನಾನು ಓಟಕ್ಕೆ ಮೊದಲೇ ನಿಂತ ಎತ್ತಿನ ಮೈಮೇಲೆ ಬೆಳಕು ಅಳೆದು, ಬಿಳಿ ಬಿಳಿಯಾಗಿಯೇ ಉಳಿಯುವಷ್ಟು ಏರಿಸಿ, ಮ್ಯಾನುಯಲ್‌ನಲ್ಲಿ ಕಟ್ಟಿಹಾಕಿಬಿಡುತ್ತೇನೆ. ಬೀದರಿನ ಕೆಮ್ಮಣ್ಣಿನಲ್ಲಿ ಬೇರೆ ಎಚ್ಚರ ಬೇಕು. ಸಂಜೆಯ ಹೊಂಬಿಸಿಲು ಕೆಂಪು ಧೂಳಿಗೆ ಬಿದ್ದಾಗ ಹಸಿರು, ನೀಲಿ ಸರಿಯಾಗಿದ್ದರೂ ಕೆಂಪೊಂದೇ ತುಂಬಿ ತುಳುಕುತ್ತದೆ. ಹಿಸ್ಟೋಗ್ರಾಮಿನಲ್ಲಿ ಕೆಂಪಿನ ಗೆರೆಯನ್ನು ಬೇರೆಯಾಗಿಯೇ ನೋಡಬೇಕು.

ಇನ್ನು ಪಂಚಾಂಗ. ಮೋಟಾರ್ ರೇಸಿನವರಿಗೆ ಒಕ್ಕೂಟ ದಿನ ಗೊತ್ತು ಮಾಡುತ್ತದೆ. ನಮ್ಮ ಕಡೆಯ ಓಟಕ್ಕೆ ಚಂದ್ರನೇ ದಿನ ಗೊತ್ತು ಮಾಡುವವನು. ಹೋದ ವರ್ಷ ಜೂನ್ 11ಕ್ಕಿದ್ದ ಕಾರಹುಣ್ಣಿಮೆ 2026ರಲ್ಲಿ ಜೂನ್ 29ಕ್ಕೆ ಬೀಳುತ್ತದೆ. ನಡುವೆ ಅಧಿಕ ಜ್ಯೇಷ್ಠ ಬಂದು ಹಬ್ಬವನ್ನು ಹದಿನೆಂಟು ದಿನ ಮುಂದಕ್ಕೆ ತಳ್ಳಿದೆ. ಈ ಹದಿನೆಂಟು ದಿನ ಫೋಟೊ ತೆಗೆಯುವವರಿಗೆ ದೊಡ್ಡ ವ್ಯತ್ಯಾಸ. ಜೂನ್ ಎರಡನೇ ವಾರದಲ್ಲಿ ಒಂದೆರಡು ಮಳೆ ಬಿದ್ದ ನೆಲ ಮೇಲೆ ಒಣಗಿರುತ್ತದೆ, ಧೂಳು ಸಿಗುತ್ತದೆ. ತಿಂಗಳ ಕೊನೆಗೆ ಹೊಲ ಹದವಾಗಿ ಹಸಿಯಾಗಿರುವ ಸಂಭವವೇ ಹೆಚ್ಚು. ಆಗ ಗೊರಸಿನಿಂದ ಹಾರುವುದು ಕೆಸರಿನ ಹೆಂಟೆ. ಹಿಂಬೆಳಕು, ಧೂಳಿನ ಪರದೆ ಎಂದು ಕನಸು ಕಂಡರೆ ನಡೆಯದು. ಪಕ್ಕದಿಂದ, ತಗ್ಗಿನಲ್ಲಿ ಕುಳಿತು ತೆಗೆಯಬೇಕು. ಎರೆಮಣ್ಣಿನಲ್ಲಿ ಒಮ್ಮೆ ಕುಳಿತರೆ ಬೇಗ ಏಳಲು ಬರುವುದಿಲ್ಲ, ಹಾಗಾಗಿ ಜಾಗವನ್ನು ಮೊದಲೇ ಆರಿಸಬೇಕು.

ಕಾರಹುಣ್ಣಿಮೆ ಮುಗಿದ ಮೇಲೆ ಪೋಳಾ. ಮರಾಠಿ ಸೀಮೆಗೆ ಒತ್ತಿಕೊಂಡ ಔರಾದ್, ಭಾಲ್ಕಿ ಕಡೆಯ ಹಲವು ಮನೆಗಳಲ್ಲಿ ಎತ್ತಿನ ಹಬ್ಬವೆಂದರೆ ಶ್ರಾವಣ ಮುಗಿಯುವ ಅಮಾವಾಸ್ಯೆಯ ಈ ಪೋಳಾ. 2026ರಲ್ಲಿ ಅದು ಸೆಪ್ಟೆಂಬರ್ ಎರಡನೇ ವಾರಕ್ಕೆ ಬರುತ್ತದೆ. ಇಲ್ಲಿ ಓಟಕ್ಕಿಂತ ಮೆರವಣಿಗೆಯದೇ ದೊಡ್ಡ ಪಾಲು. ಹಿಂದಿನ ದಿನ ನೊಗ ಹೊತ್ತ ಹೆಗಲಿಗೆ ಅರಿಸಿನ, ಬೆಣ್ಣೆ ತಿಕ್ಕುತ್ತಾರೆ. ಮರುದಿನ ಕೊಂಬಿಗೆ ಬಣ್ಣ, ಹಣೆಗೆ ಬಾಸಿಂಗ, ಬೆನ್ನಿಗೆ ಜೂಲ. ಡಿಸೆಂಬರಿನಲ್ಲಿ ಭಾಲ್ಕಿ ತಾಲ್ಲೂಕಿನ ಖಾನಾಪುರದ ಮೈಲಾರ ಮಲ್ಲಣ್ಣನ ಸನ್ನಿಧಿಗೆ ಹೋಗುತ್ತೇನೆ. ಚಂಪಾಷಷ್ಠಿಯ ಹೊತ್ತಿಗೆ ಅಲ್ಲಿ ಏಳುವ ಧೂಳು ಹಳದಿ, ಏಕೆಂದರೆ ಅದು ಭಂಡಾರ, ಎರಚುವ ಅರಿಸಿನಪುಡಿ. ಅದು ಓಟವಲ್ಲ ನಿಜ. ಆದರೆ ಗಾಳಿಯಲ್ಲಿ ಹಾರುವ ಪುಡಿಯನ್ನು ಬೆಳಕಿಗೆ ಎದುರು ಹಿಡಿಯುವುದನ್ನು ಕಲಿಯಲು ಅದಕ್ಕಿಂತ ಒಳ್ಳೆಯ ಶಾಲೆ ನನಗೆ ಗೊತ್ತಿಲ್ಲ. ಅದರ ಹಿಂದೆಯೇ ನಾಂದೇಡ ಜಿಲ್ಲೆಯ ಮಾಳೆಗಾಂವದಲ್ಲಿ ಖಂಡೋಬನ ಜಾತ್ರೆ, ಕುದುರೆ, ಕತ್ತೆ, ಎತ್ತುಗಳ ದೊಡ್ಡ ಸಂತೆ. ಆಮೇಲೆ ಮಹಾಶಿವರಾತ್ರಿಯ ಹೊತ್ತಿಗೆ ಔರಾದ್‌ನ ಅಮರೇಶ್ವರ ಜಾತ್ರೆ. 2027ರಲ್ಲಿ ಶಿವರಾತ್ರಿ ಮಾರ್ಚ್ 6ಕ್ಕೆ. ನೆಲ ಪೂರ್ತಿ ಒಣಗಿ, ಬಿಸಿಲು ಇನ್ನೂ ಮುಖ ಸುಡದ ಕಾಲ.

ಜಾತ್ರೆಗೂ ಓಟಕ್ಕೂ ಇರುವ ನಂಟು ನಮ್ಮ ಕಡೆಯದು ಮಾತ್ರ ಅಲ್ಲ. ಅಮೆರಿಕದಲ್ಲಿ ಮಣ್ಣಿನ ಕಣದ ಕಾರು ಓಟ ಬೆಳೆದದ್ದು ಜಿಲ್ಲಾ ಜಾತ್ರೆಗಳ ಮೈದಾನದಲ್ಲಿ, ಮೊದಲು ಕುದುರೆ ಓಡುತ್ತಿದ್ದ ಸುತ್ತುದಾರಿಯ ಮೇಲೆ. ಅಯೋವಾ ರಾಜ್ಯದ ನಾಕ್ಸ್‌ವಿಲ್‌ನಲ್ಲಿ 1961ರಿಂದ ಸ್ಪ್ರಿಂಟ್ ಕಾರುಗಳ ದೊಡ್ಡ ಪಂದ್ಯ ನಡೆಯುತ್ತಿದೆ. ಅರ್ಧ ಮೈಲಿ ಸುತ್ತಳತೆಯ ಆ ಎರೆಮಣ್ಣಿನ ಕಣ ಇರುವುದೂ ಜಾತ್ರೆಯ ಮೈದಾನದಲ್ಲೇ. ಅಲ್ಲಿನ ಚಿತ್ರಗಳನ್ನು ನೋಡಿದಾಗಲೆಲ್ಲ ಭಾಲ್ಕಿಯ ಹೊಲ ನೆನಪಾಗುತ್ತದೆ. ಅದೇ ಅಂಟುಮಣ್ಣು, ಅದೇ ಹೆಂಟೆ.

ಈಗ ವೇಗದ ಲೆಕ್ಕ, ಏಕೆಂದರೆ ದುಡ್ಡನ್ನು ಎಲ್ಲಿ ಸುರಿಯಬೇಕು, ಎಲ್ಲಿ ಬಿಗಿ ಹಿಡಿಯಬೇಕು ಎಂಬುದನ್ನು ಹೇಳುವುದು ಅದೇ. ಎತ್ತು, ಕೋಣ ಎಷ್ಟು ಜೋರಾಗಿ ಓಡಬಲ್ಲವು ಎಂಬುದಕ್ಕೆ ದಾಖಲೆಯಾದ ಒಂದು ಅಳತೆ ಇದೆ. 2020ರ ಫೆಬ್ರುವರಿ 1ರಂದು ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು ಓಡಿಸಿದ ಕೋಣಗಳು 142.50 ಮೀಟರ್ ದೂರವನ್ನು 13.62 ಸೆಕೆಂಡಿನಲ್ಲಿ ಮುಗಿಸಿದವು. ಅಂದರೆ ಸೆಕೆಂಡಿಗೆ ಹತ್ತು ಮೀಟರಿಗೂ ತುಸು ಮೇಲೆ. ಹಳ್ಳಿಯ ಎತ್ತು ಅಷ್ಟು ಓಡದು. ಆದರೂ ಹತ್ತು ಮೀಟರ್ ಎಂದೇ ಹಿಡಿಯೋಣ. ಶಟರ್ ಸೆಕೆಂಡಿನ ಸಾವಿರದ ಒಂದು ಭಾಗ ಮಾತ್ರ ತೆರೆದರೆ ಎತ್ತು ಸರಿಯುವುದು ಒಂದು ಸೆಂಟಿಮೀಟರ್. ಹನ್ನೆರಡು ಮೀಟರ್ ಅಗಲದ ದೃಶ್ಯ 6,000 ಪಿಕ್ಸೆಲ್‌ಗಳಲ್ಲಿ ಕುಳಿತರೆ ಆ ಒಂದು ಸೆಂಟಿಮೀಟರ್ ಐದು ಪಿಕ್ಸೆಲ್, ಪ್ರಿಂಟಿನಲ್ಲಿ ಕಾಣದು. ಸೆಕೆಂಡಿನ ಮೂವತ್ತನೇ ಒಂದು ಭಾಗ ತೆರೆದರೆ ಸರಿಯುವುದು 33 ಸೆಂಟಿಮೀಟರ್. ಕ್ಯಾಮೆರಾ ನಿಂತಿದ್ದರೆ ಎತ್ತು ಹೊಗೆಯಾಗುತ್ತದೆ. ಎತ್ತಿನ ಜೊತೆಯೇ ಕ್ಯಾಮೆರಾ ತಿರುಗಿದರೆ ಎತ್ತು ನಿಂತು, ಹಿಂದಿನ ಜನ, ಬೇಲಿ, ಬೇವಿನ ಮರ ಎಲ್ಲ ಗೆರೆಗೆರೆಯಾಗಿ ಓಡುತ್ತವೆ. ಇದನ್ನೇ ಪ್ಯಾನಿಂಗ್ ಎನ್ನುವುದು.

ಪ್ಯಾನಿಂಗ್‌ಗೆ ಹತ್ತಿರ ನಿಲ್ಲುವುದು ತಪ್ಪು. ಹತ್ತು ಮೀಟರ್ ದೂರದಲ್ಲಿ ನಿಂತರೆ, ಎತ್ತು ನೇರ ಎದುರಿಗೆ ಬಂದಾಗ ಅದರ ಜೊತೆ ತಿರುಗಲು ಕ್ಯಾಮೆರಾ ಸೆಕೆಂಡಿಗೆ 57 ಡಿಗ್ರಿ ವೇಗದಲ್ಲಿ ಹೊರಳಬೇಕು. ಇಪ್ಪತ್ತು ಮೀಟರಿಗೆ ಸರಿದರೆ ಅದರ ಅರ್ಧ ಸಾಕು. ಕೈ ನಡುಗುವುದು ಕಡಿಮೆ, ಎತ್ತು ಹಾದಿ ಬಿಟ್ಟು ಬಂದರೆ ತಪ್ಪಿಸಿಕೊಳ್ಳಲು ಪುರಸೊತ್ತೂ ಇರುತ್ತದೆ. ಆದರೆ ದೂರ ಸರಿದರೆ ಎತ್ತು ಚಿಕ್ಕದಾಗುತ್ತದೆ. ಹಾಗಾಗಿ ನನ್ನ ಹನ್ನೆರಡು ಸಾವಿರದಲ್ಲಿ ದೊಡ್ಡ ತುತ್ತು, 5,500 ರೂಪಾಯಿ, ಹೋಗುವುದು ಸೆಕೆಂಡ್ ಹ್ಯಾಂಡ್ 55-250 ಲೆನ್ಸಿಗೆ. ಹಳೆಯ ಕ್ರಾಪ್ ಸೆನ್ಸರ್ ಬಾಡಿಯ ಮೇಲೆ ಅದು ಫುಲ್ ಫ್ರೇಮಿನ 400 ಮಿಲಿಮೀಟರ್ ಲೆನ್ಸಿನಷ್ಟೇ ದೂರ ಎಳೆಯುತ್ತದೆ. ಹೊಸ ಬಾಡಿ ಬೇಡವೇ ಎಂದರೆ, ಬೇಡ. ಕಡಿಮೆ ಬೆಲೆಯ ಬಾಡಿ ಸೆಕೆಂಡಿಗೆ ಮೂರರಿಂದ ಐದು ಫೋಟೊ ತೆಗೆಯುತ್ತದೆ. ಎರಡು ಫೋಟೊಗಳ ನಡುವೆ ಎತ್ತು ಎರಡು-ಮೂರು ಮೀಟರ್ ಮುಂದೆ ಹೋಗಿರುತ್ತದೆ. ಕರಿ ಹರಿಯುವ ಕ್ಷಣ ಆ ಸಂದಿಯಲ್ಲೇ ಬಿದ್ದು ಹೋಗಬಹುದು. ಗುಂಡಿ ಒತ್ತಿ ಹಿಡಿಯುವುದಕ್ಕಿಂತ ಒಂದೇ ಸಲ, ಸರಿಯಾದ ಹೊತ್ತಿಗೆ ಒತ್ತುವುದನ್ನು ಕಲಿಯಬೇಕು. ಬೀದರಿನ ಮಕ್ಕಳಿಗೆ ಈ ಕಲೆ ಅರ್ಧ ಗೊತ್ತಿರುತ್ತದೆ ಎಂದು ನನಗನ್ನಿಸುತ್ತದೆ. 1996ರಲ್ಲಿ ವಾಯುಪಡೆಯ ಸೂರ್ಯಕಿರಣ ತಂಡ ಹುಟ್ಟಿದ್ದು ಇಲ್ಲಿ. ವಿಮಾನದ ಸದ್ದು ಕೇಳುತ್ತಲೇ ಕುತ್ತಿಗೆ ಒಂದೇ ಓಟದಲ್ಲಿ ತಿರುಗಿಸುವ ಅಭ್ಯಾಸ ನಮಗೆ ಚಿಕ್ಕಂದಿನಿಂದ ಬಂದದ್ದು. ವಾಯುನೆಲೆಯ ಹತ್ತಿರ ಕ್ಯಾಮೆರಾ ಎತ್ತುವುದು ಮಾತ್ರ ನಿಷಿದ್ಧ. ನಾನು ದಿನಾ ಸಂಜೆ ಮನೆ ಮುಂದಿನ ರಸ್ತೆಯ ಆಟೋಗಳ ಮೇಲೆ ಅಭ್ಯಾಸ ಮಾಡುತ್ತೇನೆ.

ಧೂಳಿನ ಬಗ್ಗೆ ಒಂದು ಮಾತು. ಜಂಬಿಟ್ಟಿಗೆಯ ಧೂಳು ಹಿಟ್ಟಿನಷ್ಟು ನುಣ್ಣಗೆ. ಕಣದಲ್ಲಿ ಲೆನ್ಸ್ ಬಿಚ್ಚುವುದೇ ಇಲ್ಲ ಎಂಬುದು ನನ್ನ ನಿಯಮ. ಬಾಡಿಗೆ ಪಾರದರ್ಶಕ ಪ್ಲಾಸ್ಟಿಕ್ ಚೀಲ, ಲೆನ್ಸಿನ ಬಾಯಿಗೆ ಯುವಿ ಫಿಲ್ಟರ್, ಮನೆಗೆ ಬಂದ ಮೇಲೆ ರಬ್ಬರ್ ಬ್ಲೋವರ್. ಬಾಯಿಂದ ಊದಿದರೆ ಉಗುಳಿನ ಹನಿ ಧೂಳಿನ ಜೊತೆ ಸೇರಿ ಕೆಸರಾಗುತ್ತದೆ. ಬಟ್ಟೆಯಿಂದ ಒಣ ಧೂಳು ಒರೆಸಿದರೆ ಗೀರು ಬೀಳುತ್ತದೆ. ಫಿಲ್ಟರು, ಇನ್ನೊಂದು ಮೆಮೊರಿ ಕಾರ್ಡು ಸೇರಿ 1,200.

ಓಡಾಟದ ಖರ್ಚು ನಂಬಲಾಗದಷ್ಟು ಕಡಿಮೆ. ಬೀದರ್, ಭಾಲ್ಕಿ, ಔರಾದ್ ಒಂದು ತ್ರಿಕೋನ. ಯಾವ ಊರಿನಿಂದ ಯಾವ ಊರಿಗೆ ಹೋದರೂ ಹೆಚ್ಚುಕಡಿಮೆ ನಲವತ್ತು ಕಿಲೋಮೀಟರ್. 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆಯಿಂದ ರಾಜ್ಯದೊಳಗೆ ಹೆಣ್ಣುಮಕ್ಕಳಿಗೆ ಸಾಮಾನ್ಯ ಬಸ್ಸಿನ ಟಿಕೆಟ್ ಸೊನ್ನೆ. ಈ ಹವ್ಯಾಸವನ್ನು ನಾನು ಧೈರ್ಯವಾಗಿ ಹಿಡಿದದ್ದೇ ಅದರ ಮೇಲೆ. ಅದಕ್ಕೆ ಮೊದಲು ‘ಎತ್ತಿನ ಫೋಟೊಗೆ ಬಸ್ ಚಾರ್ಜು’ ಎಂದು ಮನೆಯಲ್ಲಿ ಹೇಳಲು ಬಾಯಿ ಬರುತ್ತಿರಲಿಲ್ಲ. ಗಡಿ ದಾಟಿದರೆ ಮಾತ್ರ ಟಿಕೆಟ್ ಕೊಳ್ಳಬೇಕು. ಊಟ, ಆಟೊ, ಮಾಳೆಗಾಂವದ ಪ್ರಯಾಣ ಎಲ್ಲಕ್ಕೂ 800 ಇಟ್ಟಿದ್ದೇನೆ. ತೊಡಕು ದುಡ್ಡಿನದಲ್ಲ, ಬೆಳಕಿನದು. ಜೂನಿನಲ್ಲಿ ಸೂರ್ಯ ಮುಳುಗುವುದು ಏಳರ ಸುಮಾರಿಗೆ, ಡಿಸೆಂಬರಿನಲ್ಲಿ ಆರಕ್ಕೂ ಮೊದಲು. ಒಳ್ಳೆಯ ಬೆಳಕು ಕೊನೆಯ ಅರ್ಧ ಗಂಟೆಯದು, ಹಳ್ಳಿಯಿಂದ ಹೊರಡುವ ಕೊನೆಯ ಬಸ್ಸಿನ ಹೊತ್ತೂ ಅದೇ. ಹಾಗಾಗಿ ಭಾಲ್ಕಿ ಕಡೆ ಅಕ್ಕನ ಮನೆ, ಔರಾದ್ ಕಡೆ ಗೆಳತಿಯ ತವರು. ಉಳಿಯಲು ಒಂದು ಮನೆ ಇರುವ ಊರುಗಳನ್ನೇ ಯೋಜನೆಯಲ್ಲಿ ಬರೆದಿದ್ದೇನೆ.

2,000 ರೂಪಾಯಿಯನ್ನು ಪ್ರಿಂಟಿಗೆಂದು ಮೊದಲೇ ತೆಗೆದಿಟ್ಟಿದ್ದೇನೆ. ಹತ್ತು ರೂಪಾಯಿಗೆ ಒಂದರಂತೆ ಪೋಸ್ಟ್‌ಕಾರ್ಡ್ ಅಳತೆಯ ಇನ್ನೂರು ಪ್ರಿಂಟು. ಲೆನ್ಸಿನ ದುಡ್ಡು ಕಡಿಮೆ ಬಿದ್ದರೂ ಇದನ್ನು ಮುಟ್ಟುವುದಿಲ್ಲ. ಕಾರಣ ಇದು: ಹೋದ ಪೋಳಾಕ್ಕೆ ನಾನು ಬಿಳಿ ಎತ್ತಿನ ಆ ಹಳ್ಳಿಗೆ ಮತ್ತೆ ಹೋದೆ. ಅಗಸಿಯ ಬಳಿ ಗಂಡಸರ ಗುಂಪಿನ ನಡುವೆ ನುಗ್ಗದೆ ಅಂಗಳಕ್ಕೆ ಹೋದೆ. ಎತ್ತು ಮನೆ ಬಿಡುವ ಮುನ್ನ ಹೆಣ್ಣುಮಕ್ಕಳು ಅದಕ್ಕೆ ಆರತಿ ಎತ್ತುತ್ತಾರೆ, ಹೋಳಿಗೆ ತಿನ್ನಿಸುತ್ತಾರೆ, ಕಾಲಿಗೆ ನೀರು ಹಾಕುತ್ತಾರೆ. ಆ ಮನೆಯ ಅಜ್ಜಿ ‘ಬಾ ತಂಗಿ, ಒಳಗ ಬಾ, ಹಾಯಂಗಿಲ್ಲ ಅದು’ ಎಂದು ಕರೆದು ಎತ್ತಿನ ಮಗ್ಗುಲಲ್ಲೇ ನಿಲ್ಲಿಸಿದರು. ಅರಿಸಿನ ಮೆತ್ತಿದ ಆ ಹೆಗಲಿನಲ್ಲಿ ನೊಗ ತಿಂದು ಗಟ್ಟಿಯಾದ ಜಾಗ ಬೇರೆ ಬಣ್ಣದಲ್ಲಿ ಹೊಳೆಯುತ್ತಿತ್ತು. ಓಟದ ಫೋಟೊ ಎಂದರೆ ಓಡುವ ಕಾಲು ಎಂದೇ ತಿಳಿದಿದ್ದೆ. ಓಟದ ಪೂರ್ತಿ ಬಲ ಆ ಹೆಗಲಿನಲ್ಲಿದೆ ಎಂಬುದು ಅಂಗಳದಲ್ಲಿ ಕಂಡಿತು. ಹದಿನೈದು ದಿನ ಬಿಟ್ಟು ಎಂಟು ಪ್ರಿಂಟು ತೆಗೆದುಕೊಂಡು ಹೋಗಿ ಮನೆಮನೆಗೆ ಹಂಚಿದೆ. ಅಲ್ಲಿಂದ ಮುಂದೆ ಯಾವ ದಿನ ಎಲ್ಲಿ ಎತ್ತುಗಳು ಓಡುತ್ತವೆ, ಯಾವ ಊರಿನಲ್ಲಿ ಗಾಡಿ ಶರ್ಯತ್ತು ಎಂಬ ಸುದ್ದಿಯನ್ನು ನಾನು ಹುಡುಕಬೇಕಾಗಿಲ್ಲ. ಫೋನ್ ಮಾಡಿ ಅವರೇ ಹೇಳುತ್ತಾರೆ.

ಶರ್ಯತ್ತಿನ ಮಾತು ಬಂದಾಗ ಕಾನೂನನ್ನು ತಿಳಿದಿರಬೇಕು. 2014ರ ಮೇ 7ರಂದು ಸುಪ್ರೀಂ ಕೋರ್ಟ್ ಜಲ್ಲಿಕಟ್ಟು, ಎತ್ತಿನ ಗಾಡಿ ಓಟಗಳನ್ನು ತಡೆಯಿತು. 2017ರಲ್ಲಿ ಕರ್ನಾಟಕ ತಿದ್ದುಪಡಿ ತಂದು ಕಂಬಳಕ್ಕೂ ಎತ್ತಿನಗಾಡಿ ಓಟಕ್ಕೂ ಷರತ್ತಿನ ಮೇಲೆ ದಾರಿ ಮಾಡಿತು. ಮಹಾರಾಷ್ಟ್ರದ ಗಾಡಿ ಓಟಗಳಿಗೆ 2021ರ ಡಿಸೆಂಬರಿನಲ್ಲಿ ಕೋರ್ಟಿನ ಒಪ್ಪಿಗೆ ಸಿಕ್ಕಿತು. ತಮಿಳುನಾಡು, ಮಹಾರಾಷ್ಟ್ರ, ಕರ್ನಾಟಕ ಮೂರರ ತಿದ್ದುಪಡಿಗಳನ್ನೂ 2023ರ ಮೇ 18ರಂದು ಸಂವಿಧಾನ ಪೀಠ ಎತ್ತಿಹಿಡಿಯಿತು. ಒಪ್ಪಿಗೆ ಸಿಕ್ಕಿದ್ದು ಓಟಕ್ಕೆ, ಹಿಂಸೆಗೆ ಅಲ್ಲ. ನಾನು ಎರಡು ಮಾತು ಖಡಾಖಂಡಿತ ಪಾಲಿಸುತ್ತೇನೆ. ಫೋಟೊ ಚೆನ್ನಾಗಿ ಬರಲಿಲ್ಲ, ಇನ್ನೊಮ್ಮೆ ಓಡಿಸಿ ಎಂದು ಯಾರನ್ನೂ ಕೇಳುವುದಿಲ್ಲ. ಬಾರುಕೋಲಿನ ಪೆಟ್ಟು ಬಿದ್ದ ಚಿತ್ರವನ್ನು ಸೊಗಸಿನ ಚಿತ್ರವೆಂದು ಎಲ್ಲಿಗೂ ಕಳಿಸುವುದಿಲ್ಲ. ಕ್ಯಾಮೆರಾ ಕಂಡೊಡನೆ ಹುರುಪೇರಿ ಬಾಲ ತಿರುಚುವವರನ್ನು ಕಂಡಿದ್ದೇನೆ. ಅಂಥ ಹೊತ್ತಿಗೆ ಕ್ಯಾಮೆರಾ ಇಳಿಸಿಬಿಡುವುದು ನನ್ನ ಕೈಯಲ್ಲಿದೆ.

ಉಳಿದ 2,500 ಒಂದೇ ಒಂದು ದೂರದ ಪ್ರಯಾಣಕ್ಕೆ. ಕಂಬಳವೋ, ಬೈಕೋ ಎಂದು ಬಹಳ ದಿನ ತೂಗಿದೆ. ಬೈಕಿನ ಸೆಳೆತ ಕಡಿಮೆಯದಲ್ಲ. 2015ರಲ್ಲಿ ಡಾಕರ್ ರ‍್ಯಾಲಿಯನ್ನು ಮುಗಿಸಿದ ಬೆಂಗಳೂರಿನ ಸಿ.ಎಸ್. ಸಂತೋಷ್ ನಮ್ಮವರು. 2024ರಲ್ಲಿ ಶುರುವಾದ ಇಂಡಿಯನ್ ಸೂಪರ್‌ಕ್ರಾಸ್ ರೇಸಿಂಗ್ ಲೀಗ್ ಪುಣೆ, ಅಹಮದಾಬಾದ್‌ಗಳ ಜೊತೆ ಬೆಂಗಳೂರಿಗೂ ಬಂದಿತ್ತು. ಆದರೆ ಅಲ್ಲಿ ಟಿಕೆಟ್ ಕೊಂಡವರ ಜಾಗ ಗ್ಯಾಲರಿಯಲ್ಲಿ. ಕಣದ ಅಂಚಿಗೆ ಬಿಡುವುದು ಪತ್ರಿಕೆಯ ಪಾಸ್ ಇದ್ದವರನ್ನು. 250 ಲೆನ್ಸು ಗ್ಯಾಲರಿಯಿಂದ ಸಾಲದು. ಕಂಬಳದಲ್ಲಿ ಗದ್ದೆಯ ಬದುವಿಗೆ ಸಾಕಷ್ಟು ಹತ್ತಿರ ನಿಲ್ಲಬಹುದು. ನವೆಂಬರಿನಿಂದ ಬೇಸಿಗೆವರೆಗೆ ಋತು, ಹಗಲು ರಾತ್ರಿ ಓಟ. ಕನೆಹಲಗೆ ವಿಭಾಗದಲ್ಲಿ ಗೆಲುವನ್ನು ಹೇಳುವುದು ವೇಗವಲ್ಲ, ನೀರು ಎಷ್ಟೆತ್ತರ ಚಿಮ್ಮಿ ನಿಶಾನೆಯ ಬಟ್ಟೆ ಮುಟ್ಟಿತು ಎಂಬುದು. ಧೂಳು ಹಿಡಿಯಲು ಕಲಿತ ಕಣ್ಣಿಗೆ ಅದು ನೀರಿನ ಪರೀಕ್ಷೆ. ಬೀದರಿನಿಂದ ಬೆಂಗಳೂರಿಗೆ ರಾತ್ರಿ ರೈಲಿನ ಸ್ಲೀಪರ್, ಅಲ್ಲಿಂದ ಮಂಗಳೂರಿಗೆ ಶಕ್ತಿ ಬಸ್ಸು, ಎರಡು ರಾತ್ರಿಯ ವಸತಿ. ಲೆಕ್ಕ ಅಷ್ಟಕ್ಕಷ್ಟೇ ಆಗುತ್ತದೆ, ಆದರೂ ಆಗುತ್ತದೆ. ಜನವರಿಯ ಒಂದು ಶನಿವಾರಕ್ಕೆ ಗುರುತು ಹಾಕಿದ್ದೇನೆ.

ಆದರೆ ಋತು ಶುರುವಾಗುವುದು ಭಾಲ್ಕಿ ಕಡೆಯ ಆ ಹಳ್ಳಿಯಿಂದಲೇ. ನಿಂತ ಎತ್ತಿನ ಪ್ರಿಂಟನ್ನು ಒಡೆಯರು ದೇವರ ಮಾಡದ ಪಕ್ಕ ಹಚ್ಚಿದ್ದಾರೆ. ಮೊನ್ನೆ ಫೋನಿನಲ್ಲಿ, ‘ನಿಂತದ್ದು ಕೊಟ್ಟಿ, ಓಡೋದು ಇನ್ನಾ ಕೊಟ್ಟಿಲ್ಲ’ ಎಂದು ನೆನಪಿಸಿದರು. ಎತ್ತಿಗೆ ಈಗ ಎಂಟು ಹಲ್ಲು ಕೂಡಿವೆಯಂತೆ, ಮೊದಲಿಗಿಂತ ಜೋರಾಗಿದೆಯಂತೆ. ಜೂನ್ 29 ಸೋಮವಾರ. ಶಾಲೆಗೆ ರಜೆ ಚೀಟಿ ಬರೆದಾಯಿತು. ಅಗಸಿಯ ಎಡಕ್ಕೆ, ಕರಿಯಿಂದ ಇಪ್ಪತ್ತು ಮೀಟರ್ ಹಿಂದೆ, ಮುರಿದ ಬಂಡಿಯೊಂದು ಬಿದ್ದಿದೆ. ಸಂಜೆಯ ಬಿಸಿಲು ಎತ್ತಿನ ಮಗ್ಗುಲಿಗೆ ಬೀಳುವ ಜಾಗ ಅದು. ಅದರ ಮರೆಯಲ್ಲಿ ಕುಳಿತಿರುತ್ತೇನೆ, ಬೆಳಕನ್ನು ಮೊದಲೇ ಮ್ಯಾನುಯಲ್‌ನಲ್ಲಿ ಕಟ್ಟಿಹಾಕಿ.